ಆರೋಗ್ಯವಂತನ ಕರುಳಿನಲ್ಲಿ ಅಡಗಿರುವ ಅಪಾಯ

ಭೌತಶಾಸ್ತ್ರವನ್ನು ಬೋಧಿಸುವವನು ರೋಗಾಣುಗಳ ವಿಷಯದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಾನು ಹೇಳಹೊರಟಿರುವ ಸಂಗತಿ ವೈದ್ಯರಿಗೆ ಮಾತ್ರವೇ ಸೇರಿದುದಲ್ಲ. ಕರುಳುಳ್ಳ ಪ್ರತಿಯೊಬ್ಬನಿಗೂ ಸೇರಿದುದು.

ಹಿಂದೊಮ್ಮೆ ಮಳೆಗಾಲದಲ್ಲಿ ನನಗೆ ನೆಗಡಿಯಾಯಿತು. ಮನೆಯಲ್ಲಿ ಉಳಿದಿದ್ದ ನಾಲ್ಕು ಪ್ರತಿಜೀವಕ ಮಾತ್ರೆಗಳನ್ನು ಯಾರನ್ನೂ ಕೇಳದೆ ನುಂಗಿದೆನು. ನೆಗಡಿಯನ್ನು ಉಂಟುಮಾಡುವುದು ವೈರಸ್. ಪ್ರತಿಜೀವಕಗಳು ಎದುರಿಸುವುದು ಬ್ಯಾಕ್ಟೀರಿಯಗಳನ್ನು. ನೆಗಡಿ ತನ್ನ ಪಾಡಿಗೆ ತಾನೇ ವಾಸಿಯಾಯಿತು. ಹಾಗಾದರೆ ಆ ಮಾತ್ರೆಗಳು ಮಾಡಿದುದೇನು?

ನಮ್ಮ ಕರುಳಿನಲ್ಲಿ ನಿರುಪದ್ರವಿಗಳಾದ ಅಸಂಖ್ಯ ಬ್ಯಾಕ್ಟೀರಿಯಗಳು ನೆಲೆಸಿವೆ. ಔಷಧಕ್ಕೆ ಈಡಾದವು ಸಾಯುತ್ತವೆ. ಅದಕ್ಕೆ ಜಗ್ಗದ ಕೆಲವು ಉಳಿದು ವೃದ್ಧಿಯಾಗುತ್ತವೆ. ಅನುಕೂಲ ಸನ್ನಿವೇಶದಲ್ಲಿ ಇ. ಕೋಲಿ ಎಂಬುದು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲದು. 10 ಗಂಟೆಗಳಲ್ಲಿ 30 ಬಾರಿ ಇಮ್ಮಡಿಸಿದರೆ ಒಂದೇ ಜೀವಿಯ ಸಂತಾನ 100 ಕೋಟಿಯನ್ನು ಮೀರುತ್ತದೆ! ಕರುಳಿನಲ್ಲಿ ಇಷ್ಟು ವೇಗವಿರದು. ಆದರೂ ತೆರವಾದ ಸ್ಥಳ ಬಹುಕಾಲ ಬರಿದಾಗಿರುವುದಿಲ್ಲ.

ಇದಕ್ಕಿಂತಲೂ ಸೋಜಿಗದ ಸಂಗತಿ ಇನ್ನೊಂದುಂಟು. ನಿರೋಧಶಕ್ತಿಯನ್ನು ನೀಡುವ ಜೀನುಗಳು ಅನೇಕವೇಳೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿ.ಎನ್.ಎ. ಬಳೆಗಳ ಮೇಲಿರುತ್ತವೆ. ಒಂದು ಬ್ಯಾಕ್ಟೀರಿಯ ಇನ್ನೊಂದನ್ನು ಸೋಂಕಿ ಇದರ ನಕಲನ್ನು ದಾಟಿಸಬಲ್ಲದು. ಎರಡೂ ಒಂದೇ ಜಾತಿಯವಾಗಿರಬೇಕೆಂಬ ನಿಯಮವಿಲ್ಲ. 1950ರ ದಶಕದಲ್ಲಿ ಜಪಾನಿನಲ್ಲಿ ಆಮಶಂಕೆಯನ್ನು ತರುವ ಷಿಗೆಲ್ಲ ರೋಗಾಣುಗಳು ನಾಲ್ಕು ಔಷಧಗಳಿಗೆ ಒಮ್ಮೆಲೇ ಜಗ್ಗದಾದವು. ಈ ಶಕ್ತಿ ಇ. ಕೋಲಿಗೂ ಷಿಗೆಲ್ಲಕ್ಕೂ ನಡುವೆ ದಾಟುತ್ತದೆಂಬುದನ್ನು ಅಲ್ಲಿನ ವಿಜ್ಞಾನಿಗಳು 1959ರಲ್ಲಿ ತೋರಿಸಿಕೊಟ್ಟರು. ಎಂದಮೇಲೆ, ಯಾವ ಕಾಯಿಲೆಯೂ ಇಲ್ಲದವನ ಕರುಳು ಸಹ ಮುಂದಿನ ರೋಗಾಣುವಿಗೆ ಆಯುಧಶಾಲೆಯಾಗಬಹುದು.

ಆ ಆಯುಧಗಳು ಕರುಳಿನಲ್ಲಿಯೇ ಉಳಿಯುವುದೂ ಇಲ್ಲ. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬನಲ್ಲಿ 2008ರಲ್ಲಿ ಕಂಡುಬಂದ ಬ್ಯಾಕ್ಟೀರಿಯದ ಕಿಣ್ವವೊಂದಕ್ಕೆ ನವದೆಹಲಿಯ ಹೆಸರನ್ನಿಟ್ಟು ಎನ್‌.ಡಿ.ಎಂ.-1 ಎಂದು ಕರೆದರು. ಅತ್ಯಂತ ಪ್ರಬಲವಾದ ಕಾರ್ಬಪೆನೆಮ್ ಔಷಧಗಳನ್ನೂ ಅದು ಒಡೆದುಹಾಕುತ್ತದೆ. 2010ರಲ್ಲಿ ಈ ಹೆಸರಿನ ಬಗ್ಗೆ ನಮ್ಮ ದೇಶದಲ್ಲಿ ದೊಡ್ಡ ಆಕ್ಷೇಪವೆದ್ದಿತು. ರೋಗಕಾರಕವೊಂದಕ್ಕೆ ಊರಿನ ಹೆಸರಿಡುವುದು ಉಚಿತವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ 2011ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ಕೊಳಚೆನೀರಿನ 171 ಮಾದರಿಗಳ ಪೈಕಿ 51ರಲ್ಲಿ, ಕುಡಿಯುವ ನೀರಿನ 50 ಮಾದರಿಗಳ ಪೈಕಿ 2ರಲ್ಲಿ ಆ ಜೀನು ದೊರೆಯಿತು. ಹೆಸರಿಗಾಗಿ ನೊಂದುಕೊಂಡಷ್ಟು ನಾವು ನೀರಿಗಾಗಿ ನೊಂದುಕೊಳ್ಳಲಿಲ್ಲವೆಂಬುದೇ ನನ್ನ ವ್ಯಥೆ.

ಆದಕಾರಣ ಮಾತ್ರೆ ನುಂಗುವವನನ್ನು ಮಾತ್ರ ದೂರಿದರೆ ಸಾಲದು. ಚರಂಡಿಯನ್ನೂ ಕುಡಿಯುವ ನೀರಿನ ಕೊಳಾಯಿಯನ್ನೂ ಬೇರ್ಪಡಿಸುವುದು ಕೂಡ ಔಷಧವೇ ಸರಿ. ಅದನ್ನು ಪುರಸಭೆಗಳು ಒದಗಿಸತಕ್ಕದ್ದು. ಹಲವು ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದೂ ಮಾರಾಟದ ದಾಖಲೆಯಿಡಬೇಕೆಂದೂ ವಿಧಿಸುವ ನಿಯಮ 2014ರಿಂದ ಜಾರಿಯಲ್ಲಿದೆ. ಅದು ಅಂಗಡಿಯ ಕಟ್ಟೆಯ ಮೇಲೆಯೂ ನಡೆಯಬೇಕಾದರೆ ಕೊಳ್ಳುವವರ ಸಹಕಾರ ಅಗತ್ಯ.

ವಿದ್ಯಾರ್ಥಿಮಿತ್ರರೇ, ವಸತಿನಿಲಯಗಳಲ್ಲಿ ಪುಸ್ತಕವನ್ನು ಹಂಚಿಕೊಳ್ಳಿರಿ, ತಿಂಡಿಯನ್ನು ಹಂಚಿಕೊಳ್ಳಿರಿ. ಉಳಿದ ಮಾತ್ರೆಗಳನ್ನು ಮಾತ್ರ ಹಂಚಿಕೊಳ್ಳಬೇಡಿರಿ. ಬೇರೆ ಔಷಧಗಳ ದುರುಪಯೋಗದಿಂದ ಕೆಡುವುದು ಸಾಮಾನ್ಯವಾಗಿ ನುಂಗಿದವನ ದೇಹ. ಪ್ರತಿಜೀವಕವನ್ನು ನಾನು ವ್ಯರ್ಥವಾಗಿ ನುಂಗಿದರೆ, ನಾಳೆ ಅದು ನಿಷ್ಫಲವಾಗುವುದು ನಾನು ಎಂದೂ ಕಾಣದ ಯಾವುದೋ ಹಸುಗೂಸಿನ ಪಾಲಿಗೆ. ಆ ನಾಲ್ಕು ಮಾತ್ರೆಗಳನ್ನು ನುಂಗುವಾಗ ಈ ವಿವೇಕ ನನಗಿರಲಿಲ್ಲ, ನಿಮಗಾದರೂ ಇರಲಿ.