ಭೇದಿಯಾದ ಕರುವಿಗೆ ಹಾಲು ನಿಲ್ಲಿಸುವುದು ತರವಲ್ಲ

ಎಳೆಗರುವಿಗೆ ಭೇದಿ ಹತ್ತಿದೊಡನೆ ಹಾಲು ಬಿಡಿಸಿ ಹೊಟ್ಟೆ ಒಣಗಿಸುವ ರೂಢಿ ಅನೇಕ ಭಕ್ತರ ಕೊಟ್ಟಿಗೆಗಳಲ್ಲಿ ಇನ್ನೂ ಉಳಿದಿದೆ. ಇದನ್ನು ಕೈಬಿಡಬೇಕೆಂಬುದು ನಮ್ಮ ಅಭಿಮತ. ಹಾಲು ನಿಂತರೆ ನಿತ್ರಾಣ ಹೆಚ್ಚುವುದೇ ಹೊರತು ಭೇದಿ ಗುಣವಾಗದು.

ಭೇದಿಯಲ್ಲಿ ನೀರಿನೊಡನೆ ಸೋಡಿಯಂ, ಬೈಕಾರ್ಬೊನೇಟುಗಳೂ ಹೊರಹೋಗುತ್ತವೆ. ಕರುಳಿನ ಸೂಕ್ಷ್ಮಜೀವಿಗಳು ಉತ್ಪಾದಿಸುವ ಲ್ಯಾಕ್ಟಿಕ್ ಆಮ್ಲವು ರಕ್ತವನ್ನು ಸೇರುತ್ತದೆ. ಹೀಗೆ ರಕ್ತದಲ್ಲಿ ಆಮ್ಲತೆ ಏರಿದಾಗ ಕರು ಮಂಕಾಗಿ ತೂರಾಡುತ್ತದೆ, ಬಾಯಲ್ಲಿಟ್ಟ ಬೆರಳನ್ನು ಚೀಪುವುದಿಲ್ಲ. ಕಣ್ಣು ಗುಳಿಬೀಳದ ಕರುವಿನಲ್ಲಿಯೂ ಈ ಸ್ಥಿತಿ ಉಂಟಾಗಬಹುದು. ಹಲವರು ಮೋಸಹೋಗುವುದು ಇಲ್ಲಿಯೇ.

ಬೆರಳು ಚೀಪುವ ಕರುವಿಗೆ ಪಶುವೈದ್ಯರು ಸೂಚಿಸಿದ ಲವಣದ್ರಾವಣವನ್ನು ಹಾಲಿನೊಡನೆ ಬೆರೆಸದೆ, ಕೆಲವು ಗಂಟೆಗಳ ಅಂತರವಿಟ್ಟು ಕುಡಿಸಬೇಕು. ಚೀಪದೆ ಮಲಗಿದ ಕರುವಿಗೆ ಗೊಟ್ಟದಿಂದ ಹೊಯ್ದರೆ ದ್ರವವು ಶ್ವಾಸಕೋಶಕ್ಕೆ ಇಳಿದೀತು. ಅಂತಹ ಕರುವಿಗೆ ಬೈಕಾರ್ಬೊನೇಟನ್ನು ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ. ಬರಿಯ ಸಲೈನಿನಿಂದಾಗಲಿ, ಪ್ರತಿಜೈವಿಕದ ಚುಚ್ಚುಮದ್ದಿನಿಂದಾಗಲಿ ಆಮ್ಲತೆ ನೀಗುವುದಿಲ್ಲ.

ಹೋರಿಗರುವಾದರೆ ವೈದ್ಯರನ್ನು ಕರೆಯಲು ಹಿಂದೆಗೆಯುವವರೂ ಇದ್ದಾರೆ. ಹಾಲಿನ ಲೆಕ್ಕ ನೋಡಿ ಜೀವ ಉಳಿಸುವುದು ಎಂತಹ ಗೋಸೇವೆಯೋ ತಿಳಿಯದು. ಕರು ಏಳಲಾರದೆ ಮಲಗಿದ್ದರೆ ಬೆಳಗಿನವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆಮಾಡುವ ಶುಲ್ಕರಹಿತ ಸಂಖ್ಯೆ 1962.