ಕಮಟು ಹಿಡಿಯದ ಪೊರೆ

ಬಹುದಿನ ತೆರೆದಿಟ್ಟ ಶೇಂಗಾ ಎಣ್ಣೆ ಕಮಟುವುದನ್ನು ರಾಯಚೂರಿನ ಗೃಹಿಣಿಯರು ಬಲ್ಲರು. ಆಮ್ಲಜನಕವು ಕೊಬ್ಬನ್ನು ಕೆಡಿಸುವ ಇಂಥದೇ ಕ್ರಿಯೆ ದೇಹದ ಜೀವಕೋಶಗಳ ಪೊರೆಯಲ್ಲಿಯೂ ನಡೆಯುತ್ತದೆ. ಆ ಪೊರೆಯೂ ಬಹುಮಟ್ಟಿಗೆ ಕೊಬ್ಬಿನದೇ ಅಲ್ಲವೆ? ಕೆಟ್ಟ ಅಣುವೊಂದು ನೆರೆಯದನ್ನೂ ಕೆಡಿಸುತ್ತ ಸಾಗುತ್ತದೆ. ಪೊರೆಯೊಳಗಿನ ‘ಇ’ ಜೀವಸತ್ವ ಈ ಸರಪಳಿಯನ್ನು ಕಡಿದು ತಾನೇ ಶಕ್ತಿಗುಂದುತ್ತದೆ. ನೀರಿನಲ್ಲಿ ಕರಗುವ ‘ಸಿ’ ಜೀವಸತ್ವ ಪೊರೆಯ ಹೊರಗಿದ್ದುಕೊಂಡೇ ಅದನ್ನು ಪುನಃ ಸಜ್ಜುಗೊಳಿಸುತ್ತದೆ. ಈ ಸಹಕಾರ ಪ್ರಯೋಗಶಾಲೆಯಲ್ಲಿ ನೇರವಾಗಿ ಕಂಡುಬಂದದ್ದು 1979ರಲ್ಲಿ.

ದೇವದುರ್ಗ, ಮಾನ್ವಿಗಳ ಹೊಲದಲ್ಲಿ ಬುತ್ತಿ ಬಿಚ್ಚಿದ ರೈತನಿಗೆ ರೊಟ್ಟಿಯೊಡನೆ ಶೇಂಗಾ ಹಿಂಡಿಯಲ್ಲಿ ‘ಇ’, ಕಚ್ಚಿಕೊಳ್ಳುವ ಹಸಿಮೆಣಸಿನಕಾಯಿಯಲ್ಲಿ ‘ಸಿ’ ದೊರೆಯುತ್ತವೆ. (ಒಣಗಿದ ಕಾಯಿಯಲ್ಲಿ ಖಾರ ಉಳಿದರೂ ‘ಸಿ’ ಬಹುಪಾಲು ಉಳಿಯದು.) ಪಟ್ಟಣಿಗರು ಇವನ್ನೇ ಮಾತ್ರೆಗಳಾಗಿ ಕೊಳ್ಳುತ್ತಾರೆ. ಅಮೆರಿಕದ 14,641 ವೈದ್ಯರ ಮೇಲೆ ವರ್ಷಗಟ್ಟಲೆ ನಡೆದ ಪರೀಕ್ಷೆಯಲ್ಲಿ ಅಂಥ ಮಾತ್ರೆಗಳಿಂದ ಹೃದ್ರೋಗ ತಗ್ಗಲಿಲ್ಲವೆಂಬುದು 2008ರಲ್ಲಿ ಪ್ರಕಟವಾಯಿತು.