ಸೊಸೆ ಅಂದರೆ ಹೀಗಿರಬೇಕಂತೆ!



ನಾನು ಒಬ್ಬ ನಟಿಯ ಅಭಿಮಾನಿ ಎಂದರೆ ನಮ್ಮ ಸಂಘದವರು ನಗುತ್ತಾರೆ. ಅದೂ ಪುಟ್ಟ ಹುಡುಗಿಯೊಬ್ಬಳ ಅಭಿಮಾನಿ! 2003ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಕರಿಷ್ಮಾ ಕಾ ಕರಿಷ್ಮಾ’ ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. ಮಾರೇನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ, ನನಗೆ ತಿಳಿದ ಅರ್ಧಂಬರ್ಧ ಹಿಂದಿಯಲ್ಲೇ ಅದನ್ನು ನೋಡುತ್ತಿದ್ದೆ. ಕರಿಷ್ಮಾ ಎಂದರೆ ಮನೆಯವರ ಜೊತೆ ಮಗಳಂತೆ ಬಾಳುವ ಯಂತ್ರದ ಹುಡುಗಿ. ಆ ಪಾತ್ರ ಮಾಡಿದ್ದು ಝನಕ್ ಶುಕ್ಲಾ. ಆಗ ಅವಳಿಗೆ ಏಳರ ಆಸುಪಾಸು. 1985ರಿಂದ 1989ರವರೆಗೆ ಅಮೆರಿಕದಲ್ಲಿ ಬಂದ ‘ಸ್ಮಾಲ್ ವಂಡರ್’ ಇದರ ಮೂಲ. ಅದರ ವಿಕಿ, ಟಿಫನಿ ಬ್ರಿಸೆಟ್.

ನಗುವುದು, ಅಳುವುದು ಯಾವ ಮಗುವಿಗಾದರೂ ಬರುತ್ತದೆ. ಮುಖದಲ್ಲಿ ಏನೂ ತೋರದೆ, ದನಿ ಏರಿಳಿಯದೆ ನಿಲ್ಲುವುದು ಆ ವಯಸ್ಸಿಗೆ ಎಷ್ಟು ಕಷ್ಟ! ನನ್ನ ಮೆಚ್ಚುಗೆ ಅದಕ್ಕೇ.

ಒಂದು ಸಂಜೆ ನಮ್ಮತ್ತೆ ಅಂದರು: “ಸೊಸೆ ಅಂದ್ರೆ ಹೀಗಿರಬೇಕು ನೋಡು. ಊಟ ಕೇಳಲ್ಲ, ಎದುರು ಮಾತಾಡಲ್ಲ, ತವರಿಗೆ ಹೋಗ್ತೀನಿ ಅನ್ನಲ್ಲ.” ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮದುವೆಯಾದ ಮೇಲೆ ನಾನು ಕಲಿತದ್ದೂ ಅದೇ ಅಭಿನಯವಲ್ಲವೇ? ಸ್ಕೂಟರಿನ ಬಾಕಿ ಹಣದ ಮಾತು ಬಂದಾಗ, ಕೆನ್ನೆಗೆ ಏಟು ಬಿದ್ದಾಗ, ಮುಖದಲ್ಲಿ ಏನೂ ತೋರಿಸದೆ ತಟ್ಟೆಗೆ ಅನ್ನ ಬಡಿಸುವುದು. ಆ ಮಗುವಿಗಾದರೆ ನಿರ್ದೇಶಕರು ‘ಕಟ್’ ಅನ್ನುತ್ತಿದ್ದರು. ನನಗೆ ಅನ್ನುವವರು ಯಾರು?

ವಿಕಿಗೆ ಮಲಗಲು ಹಾಸಿಗೆಯಿಲ್ಲ, ಹುಡುಗನ ಕೋಣೆಯ ಬೀರುವಿನಲ್ಲಿ ಅವಳ ಜಾಗ. ಮನೆಗೆಲಸಕ್ಕೆ ಯಂತ್ರ ಬೇಕೆನಿಸಿದ ಕೂಡಲೇ ಅದಕ್ಕೆ ಹೆಣ್ಣುಮಗುವಿನ ಫ್ರಾಕು ತೊಡಿಸುವುದೇಕೆ? ಅಮೆರಿಕದಲ್ಲೂ ಅದೇ, ಮುಂಬಯಿಯಲ್ಲೂ ಅದೇ. ನಮ್ಮತ್ತೆಯ ಆಸೆ ಅವರೊಬ್ಬರದೇ ಅಲ್ಲ.

ಆದರೆ ಆ ಇಬ್ಬರು ಹುಡುಗಿಯರನ್ನು ನೋಡಿ. ಟಿಫನಿ ನಟನೆ ಬಿಟ್ಟು ನರ್ಸ್ ಆದರು. ಝನಕ್ ಪುರಾತತ್ವ ಓದಿದರು. ಯಂತ್ರದ ಫ್ರಾಕು ಕಳಚಿಟ್ಟು ತಮಗೆ ಬೇಕಾದ ದಾರಿ ಹಿಡಿದರು. ನನ್ನ ಅಭಿಮಾನ ಇಮ್ಮಡಿಯಾದದ್ದು ಅದನ್ನು ತಿಳಿದ ಮೇಲೆ.

ನನಗೆ ‘ಕಟ್’ ಅಂದದ್ದು ನಮ್ಮ ಸಂಘ. ಉಳಿತಾಯದ ಪುಸ್ತಕ ಬರೆಯುತ್ತಿದ್ದಾಗ ಒಬ್ಬಾಕೆ, “ಏನಾಯ್ತೇ?” ಎಂದಳು. ಅಷ್ಟು ಸಾಕಾಯಿತು, ಬಾಯಿ ಬಿಟ್ಟೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯ ಪ್ರಕಾರ ಏಟಷ್ಟೇ ಅಲ್ಲ, ವರದಕ್ಷಿಣೆಗಾಗಿ ಪೀಡಿಸುವುದು, ಹೀನಾಯ ಮಾತು, ಖರ್ಚಿಗೆ ಕಾಸು ಕೊಡದಿರುವುದು ಕೂಡ ದೌರ್ಜನ್ಯವೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ನನಗಿದೆ ಎಂದು ತಿಳಿದದ್ದೂ ಅಲ್ಲಿಯೇ.

ಧಾರಾವಾಹಿ ನೋಡಬೇಡಿ ಎನ್ನುವುದಿಲ್ಲ. ನೋಡಿ, ಆ ಮಗುವಿನ ಅಭಿನಯವನ್ನು ಮೆಚ್ಚಿಕೊಳ್ಳಿ. ಆದರೆ ಮುಂದಿನ ವಾರ ಸಾಲದ ಕಂತು ಕಟ್ಟುವಾಗ ಪಕ್ಕದಲ್ಲಿ ಕುಳಿತವಳ ಮುಖವನ್ನೂ ಒಮ್ಮೆ ನೋಡಿ. ಅಲ್ಲಿ ಏನೂ ಕಾಣದಿದ್ದರೆ, ಕೇಳಿ.